ಗಿರ್ಮಿಟ್ ಪಾರ್ಸಲ್ ಒಲ್ಲದು

2007ರ ಜುಲೈ 1ರಂದು ಇಂಗ್ಲೆಂಡಿನ ಪಬ್ಬುಗಳೊಳಗೆ ಸಿಗರೇಟು ಸೇದುವುದು ನಿಂತಿತು. ಅದೇ ದಿನ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯಿತು. ಇಂಗ್ಲೆಂಡಿನಲ್ಲಿ ಸಿಗರೇಟಿನ ನಿಷೇಧದ ಜೊತೆಗೆ ತೆರಿಗೆ, ಬಾಡಿಗೆ, ಸೂಪರ್ ಮಾರ್ಕೆಟ್ಟಿನ ಅಗ್ಗದ ಬಿಯರ್ ಎಲ್ಲ ಸೇರಿ ಸಾವಿರಾರು ಓಣಿ ಪಬ್ಬುಗಳ ಬಾಗಿಲು ಹಾಕಿಸಿದವು. ಜನ ಇವತ್ತಿಗೂ ಮರುಗುತ್ತಾರೆ. ನಮ್ಮಲ್ಲಿ ಸಾರಾಯಿ ಅಂಗಡಿಗೆ ಅತ್ತವರು ಕಡಿಮೆ, ಮನೆಯ ಹೆಣ್ಣುಮಕ್ಕಳಂತೂ ಅಳಲಿಲ್ಲ. ನವಲಗುಂದ, ಅಣ್ಣಿಗೇರಿ ಸೀಮೆಯ ಪಬ್ಬು ಅದಾಗಿರಲೇ ಇಲ್ಲ. ನಮ್ಮದು ಬಸ್ ಸ್ಟ್ಯಾಂಡಿನ ಬಾಜೂಕಿನ ಚಾದಂಗಡಿ.

ಅದರ ಭರಾಟೆ ಮುಂಗಾರಿನದು. ಎರಿ ಹೊಲ ಒಮ್ಮೆ ನೆನೆಯಿತೆಂದರೆ ಎತ್ತಿರಲಿ, ಟ್ರ್ಯಾಕ್ಟರೂ ಇಳಿಯದು. ಹದ ಬರುವತನಕ ರೈತನಿಗೆ ಚಾದಂಗಡಿಯಲ್ಲಿ ಕೂಡುವ ಬಾಂಕೇ ಗತಿ. ಹೆಸರು, ಹತ್ತಿ, ಮೆಣಸಿನಕಾಯಿ ದರ, ಮಲಪ್ರಭೆ ಕಾಲುವೆಯ ನೀರು, ಮಹದಾಯಿ ತಂಟೆ, ಎಲ್ಲದರ ಪಂಚಾಯ್ತಿಯೂ ಅಲ್ಲೇ. ಒಬ್ಬ ಪೇಪರ್ ಓದಿದರೆ ನಾಲ್ವರು ಕೇಳುತ್ತಿದ್ದರು. ‘ಒಂದರಾಗ ಎರಡ ಮಾಡ್ರಿ’ ಅಂದರೆ ಕಪ್ಪು ಒಬ್ಬನಿಗೆ, ಬಸಿ ಇನ್ನೊಬ್ಬನಿಗೆ.

ಚಾ ಈಗಲೂ ಕೆಟ್ಟಿಲ್ಲ. ಶುಂಠಿ ಜಜ್ಜಿ ಹಾಕಿ ಕುದಿಸಿದ ಗಟ್ಟಿ ಚಾ ಬೇಕಾದಲ್ಲಿ ಸಿಗುತ್ತದೆ. ಹೋದದ್ದು ಕೂಡುವ ಜಾಗ. ರಸ್ತೆ ಅಗಲವಾದಲ್ಲಿ ಬಾಂಕು ಎದ್ದಿತು, ಕಾಗದದ ಕಪ್ಪು ಬಂದಲ್ಲಿ ನಿಂತು ಕುಡಿದು ಹೋಗುವ ರೂಢಿ ಬಿತ್ತು, ಪೇಪರ್ ಮೊಬೈಲಿನೊಳಗೆ ಸೇರಿತು.

ಈ ಅವಸರಕ್ಕೆ ಬಗ್ಗದಿರುವುದು ಗಿರ್ಮಿಟ್ ಒಂದೇ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಹುಣಸೆಹುಳಿ, ಬೆಲ್ಲ ಹಾಕಿ ಕುದಿಸಿದ ಗೊಜ್ಜು. ಅದಕ್ಕೆ ಚುರುಮುರಿ, ಪುಟಾಣಿ ಹಿಟ್ಟು. ಕಲಸಿದ ಮೇಲೆ ಅದರ ಆಯುಷ್ಯ ನಾಲ್ಕೈದು ನಿಮಿಷ. ಚುರುಮುರಿ ಹೊರಗೆ ಗೊಜ್ಜು ಹೀರಿರಬೇಕು, ಒಳಗೆ ಇನ್ನೂ ಕುರುಕಲಿರಬೇಕು. ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಜೊತೆಗೆ ಬಾಂಡ್ಲಿಯಿಂದ ಆಗಷ್ಟೇ ತೆಗೆದ ಮಿರ್ಚಿ. ಪಾರ್ಸಲ್ ಕಟ್ಟಿಸಿದರೆ ಮನೆ ಮುಟ್ಟುವಷ್ಟರಲ್ಲಿ ಚುರುಮುರಿ ಮುದ್ದೆಯಾಗಿ, ಮಿರ್ಚಿ ಬೆವೆತು ಮೆತ್ತಗಾಗಿರುತ್ತದೆ.

ಹಾಗಂತ ಹಳೆಯದೆಲ್ಲ ಬಂಗಾರವಲ್ಲ. ದಲಿತರಿಗೆ ಬೇರೆ ಗ್ಲಾಸು ಇಟ್ಟ ಅಂಗಡಿಗಳಿದ್ದವು. ಹೆಂಗಸರು ಬಾಂಕಿನ ಮೇಲೆ ಕೂತು ಚಾ ಕುಡಿದದ್ದು ಅಪರೂಪ. ಕಾಗದದ ಕಪ್ಪು ಎಲ್ಲರಿಗೂ ಒಂದೇ, ಅಷ್ಟು ಪುಣ್ಯ ಅದಕ್ಕೆ ಸಲ್ಲಬೇಕು. ನನಗೆ ಬೇಕಿರುವುದು ಆ ಕಪ್ಪು ಹಿಡಿದವರೆಲ್ಲ ಕೂಡಬಹುದಾದ ಬಾಂಕು. ಕಲಘಟಗಿಯಿಂದ ಕುಂದಗೋಳದತನಕ ಎಲ್ಲೇ ಗಿರ್ಮಿಟ್ ಹೇಳಿದರೂ ‘ಪಾರ್ಸಲ್ ಬ್ಯಾಡ, ಇಲ್ಲೇ ಕೊಡ್ರಿ’ ಅನ್ನಿ. ಗಿರಾಕಿ ಕೂಡುತ್ತಾನೆಂದು ಗೊತ್ತಾದರೆ ಮಾಲೀಕ ಬಾಂಕು ತಾನೇ ಹಾಕುತ್ತಾನೆ.