ಕಾಕ್‌ಪಿಟ್ಟಿನೊಳಗಿನ ನೆರಳು

ಮನೆಯ ಗಣಕಯಂತ್ರದಲ್ಲಿ ವಿಮಾನ ಹಾರಿಸುವ ವಿನೋದದಲ್ಲಿ ಮೋಡಗಳನ್ನೂ ಮಹಾನಗರಗಳನ್ನೂ ಹೊಗಳುವವರು ಬಹುಮಂದಿ. ನನ್ನ ಮನಸ್ಸನ್ನು ಸೆರೆಹಿಡಿದಿರುವುದಾದರೋ ಕಾಕ್‌ಪಿಟ್ಟಿನೊಳಗೆ ಬೀಳುವ ನೆರಳು. ಇಳಿಹೊತ್ತಿನ ಬಿಸಿಲಿನಲ್ಲಿ ಸೆಸ್ನಾ 172 ವಿಮಾನವು ಸೆಕೆಂಡಿಗೆ 3 ಡಿಗ್ರಿಯಂತೆ ಹೊರಳುತ್ತ ಎರಡು ನಿಮಿಷಗಳಲ್ಲಿ ಪೂರ್ಣ ಪ್ರದಕ್ಷಿಣೆಯೊಂದನ್ನು ಮುಗಿಸುವಾಗ, ಕಿಟಕಿಯ ಚೌಕಟ್ಟಿನ ಛಾಯೆಯು ಎತ್ತರಮಾಪಕದ ಮುಖವನ್ನು ಮುಸುಕಿ, ಉಪಕರಣಫಲಕವನ್ನೆಲ್ಲ ಸವರಿ, ಪಕ್ಕದ ಆಸನದ ಮೇಲೆ ಜಾರಿಹೋಗುವ ಗತಿಯಿಂದಲೇ, ಸೂರ್ಯನು ನಿಂತಲ್ಲಿ ನಿಂತಿರುವನೆಂದೂ ತಿರುಗುತ್ತಿರುವವರು ನಾವೆಂದೂ ಕಣ್ಣಿಗೆ ಪ್ರತ್ಯಯವಾಗುತ್ತದೆ.

ಇದರ ಹಿಂದಿರುವ ಯುಕ್ತಿಯನ್ನು 1978ರಲ್ಲಿ ಲ್ಯಾನ್ಸ್ ವಿಲಿಯಮ್ಸ್ ಎಂಬವರು ನಿರೂಪಿಸಿದರು: ದೃಶ್ಯವನ್ನು ಮೊದಲು ಬೆಳಕಿನ ಸ್ಥಾನದಿಂದ ನೋಡಿ, ಅಲ್ಲಿಂದ ಕಾಣುವ ಬಿಂದುಗಳ ದೂರವನ್ನೆಲ್ಲ ಒಂದು ನಕ್ಷೆಯಲ್ಲಿ ಬರೆದಿಟ್ಟು, ಅದಕ್ಕಿಂತ ಆಚೆಗಿರುವುದನ್ನು ನೆರಳೆಂದು ಎಣಿಸುವುದು. ಎಷ್ಟು ಸರಳ, ಎಷ್ಟು ಸುಂದರ! ಆದರೆ ನಕ್ಷೆಯ ಚುಕ್ಕೆಗಳು ಪರಿಮಿತವಾದುದರಿಂದ, ಮೈಲುಗಟ್ಟಲೆ ನೆಲಕ್ಕೂ ಮೊಳದಳತೆಯ ಫಲಕಕ್ಕೂ ಅದೊಂದನ್ನೇ ಹಂಚಿದರೆ ನೆರಳಿನ ಅಂಚು ಮೆಟ್ಟಿಲುಮೆಟ್ಟಿಲಾಗಿ ನಡುಗುತ್ತದೆ. ಆದಕಾರಣ ಸಮೀಪದ ವಸ್ತುಗಳಿಗೆಂದೇ ಸೂಕ್ಷ್ಮವಾದ ಬೇರೊಂದು ನಕ್ಷೆಯನ್ನು ಮೀಸಲಿಡುವುದುಂಟು. ಅಂಚನ್ನು ತೀರ ಹರಿತಗೊಳಿಸುವುದೂ ಅಸತ್ಯವೇ: ಸೂರ್ಯಬಿಂಬವು ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲವಿರುವುದರಿಂದ, ಒಂದು ಮೀಟರ್ ದೂರದ ಚೌಕಟ್ಟಿನ ನೆರಳು ಸುಮಾರು 9 ಮಿಲಿಮೀಟರಿನಷ್ಟು ಮಸುಕಾಗಿಯೇ ಕೊನೆಗೊಳ್ಳಬೇಕು. ಆ ಕಿರುಮಸುಕನ್ನೂ ಬಿಡದೆ ಸಾಧಿಸಿದವರ ಶ್ರದ್ಧೆಗೆ ನಾನು ತಲೆಬಾಗುತ್ತೇನೆ.