ತಿಂಗಳಿಗೊಂದು ಪುಸ್ತಕ, ವರ್ಷಕ್ಕೊಂದು ಭಾಷೆ

ಆಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್ ಬರೆದ ‘ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್’ 1999ರಲ್ಲಿ ಹೊರಬಂದಾಗ ಗಿಟ್ ಇರಲಿಲ್ಲ, ಸ್ಮಾರ್ಟ್‌ಫೋನ್ ಆ್ಯಪ್‌ಗಳ ಮಾರುಕಟ್ಟೆಯೂ ಇರಲಿಲ್ಲ. ಆ ಕಾಲದ ಎಷ್ಟೋ ತಾಂತ್ರಿಕ ಪುಸ್ತಕಗಳು ಮೂಲೆ ಸೇರಿವೆ. ಇದು ಮಾತ್ರ 2019ರಲ್ಲಿ ಪರಿಷ್ಕರಣೆಗೊಂಡು ಇಂದಿಗೂ ಓದಿಸಿಕೊಳ್ಳುತ್ತಿದೆ. ಯಾವುದೋ ಒಂದು ಪ್ರೋಗ್ರಾಮಿಂಗ್ ಭಾಷೆ ಕಲಿಸುವುದು ಇದರ ಉದ್ದೇಶವಲ್ಲ. ಕೋಡ್ ಬರೆಯುವವರ ಅಭ್ಯಾಸಗಳಿಗೇ ಇದು ಕೈ ಹಾಕುತ್ತದೆ.

ಹೆಚ್ಚು ಹೆಸರಾದ ಸಲಹೆಯ ಬಗ್ಗೆಯೇ ನನ್ನ ತಕರಾರು. ತಿಳಿವಳಿಕೆಯನ್ನು ಹೂಡಿಕೆಯ ಹಣದಂತೆ ಬೆಳೆಸಿ, ವರ್ಷಕ್ಕೊಂದಾದರೂ ಹೊಸ ಭಾಷೆ ಕಲಿಯಿರಿ ಎನ್ನುತ್ತಾರೆ ಲೇಖಕರು. ಮೊದಲ ಆವೃತ್ತಿಯಲ್ಲಿ ಮೂರು ತಿಂಗಳಿಗೊಂದು ತಾಂತ್ರಿಕ ಪುಸ್ತಕ ಎಂದಿದ್ದದ್ದು 2019ರಲ್ಲಿ ತಿಂಗಳಿಗೊಂದಾಯಿತು. ಆದರೆ ಎಣಿಕೆಗಿಂತ ಆಯ್ಕೆ ಮುಖ್ಯ. ಜಾವಾ ಬಲ್ಲವರು ಸಿ ಶಾರ್ಪ್ ಕಲಿತರೆ ಯೋಚನೆಯ ದಾರಿ ಅಷ್ಟೇನೂ ಬದಲಾಗದು. ಹ್ಯಾಸ್ಕೆಲ್‌ಗೆ ಕೈ ಹಾಕಿದರೆ ಬದಲಾಗುತ್ತದೆ, ಏಕೆಂದರೆ ಒಮ್ಮೆ ಕೊಟ್ಟ ಬೆಲೆಯನ್ನು ಮತ್ತೆ ಬದಲಿಸದೆಯೇ ಇಡೀ ಲೆಕ್ಕವನ್ನು ಕಟ್ಟಬೇಕಾಗುತ್ತದೆ. ಯೋಚನೆ ವಿಸ್ತರಿಸಲೆಂದೇ ಈ ಕಲಿಕೆ ಎಂದು ಪುಸ್ತಕವೂ ಹೇಳುತ್ತದೆ, ಆದರೆ ಓದುಗರ ಮನಸ್ಸಿನಲ್ಲಿ ಉಳಿಯುವುದು ಎಣಿಕೆ. ಬೆಂಗಳೂರಿನ ಟ್ರಾಫಿಕ್ ದಾಟಿ ರಾತ್ರಿ ಮನೆ ಸೇರಿ, ಮಗುವಿಗೆ ಊಟ ಮಾಡಿಸಿ ಮಲಗಿಸುವ ಎಂಜಿನಿಯರ್‌ಗೆ ತಿಂಗಳಿಗೊಂದು ಪುಸ್ತಕ ಎಲ್ಲಿಂದ ಬರಬೇಕು? ಕಲಿಕೆಗೆ ಕೆಲಸದ ವೇಳೆಯಲ್ಲೇ ಜಾಗವಿರಬೇಕು ಎಂಬುದನ್ನು ಇಲ್ಲಿ ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು.

ಪುಸ್ತಕದ ನಿಜವಾದ ಬೆಲೆ ಇರುವುದು ‘ಡ್ರೈ’ (ಡೋಂಟ್ ರಿಪೀಟ್ ಯುವರ್‌ಸೆಲ್ಫ್) ತತ್ವದಲ್ಲಿ. ಒಂದು ತಿಳಿವಳಿಕೆಗೆ ಇಡೀ ವ್ಯವಸ್ಥೆಯಲ್ಲಿ ಒಂದೇ ನೆಲೆ ಇರಬೇಕು ಎಂಬುದು ಅದರ ಸಾರ. ಒಂದೇ ರೀತಿ ಕಾಣುವ ಸಾಲುಗಳನ್ನೆಲ್ಲ ಒಟ್ಟುಗೂಡಿಸಬೇಕೆಂದು ಅನೇಕರು ಇದನ್ನು ಅರ್ಥೈಸಿಕೊಂಡರು. ಲೇಖಕರು ಎರಡನೇ ಆವೃತ್ತಿಯಲ್ಲಿ ಅದನ್ನು ತಿದ್ದಿದ್ದಾರೆ, ಆ ತಿದ್ದುಪಡಿ ಬಹಳ ಮುಖ್ಯ. ಬ್ಯಾಂಕಿನ ಒಂದು ತಂತ್ರಾಂಶವನ್ನೇ ನೋಡೋಣ. ಒಂದು ಬಗೆಯ ಖಾತೆಗೆ 18 ವರ್ಷ ತುಂಬಿರಬೇಕು, ಸೇವಾ ಶುಲ್ಕದ ಮೇಲೆ ಜಿಎಸ್‌ಟಿ ಶೇ 18. ಅಂಕೆ ಒಂದೇ ಎಂದು ಎರಡಕ್ಕೂ ಒಂದೇ ಹೆಸರು ಕೊಟ್ಟರೆ, ತೆರಿಗೆ ದರ ಬದಲಾದ ದಿನ ಖಾತೆದಾರರ ವಯಸ್ಸಿನ ಮಿತಿಯೂ ಬದಲಾಗುತ್ತದೆ. ಅದೇ ತೆರಿಗೆ ದರ ಬಿಲ್ಲಿನ ಕೋಡ್‌ನಲ್ಲಿ, ಡೇಟಾಬೇಸ್‌ನಲ್ಲಿ, ಗ್ರಾಹಕರಿಗೆ ತೋರಿಸುವ ಪುಟದಲ್ಲಿ ಬೇರೆ ಬೇರೆ ರೂಪದಲ್ಲಿ ಕುಳಿತಿರುತ್ತದೆ. ನೋಡಲು ಹೋಲಿಕೆ ಇಲ್ಲ, ತಿಳಿವಳಿಕೆ ಒಂದೇ. ಒಂದನ್ನು ತಿದ್ದಿ ಇನ್ನೊಂದನ್ನು ಮರೆತರೆ ಗ್ರಾಹಕ ನೋಡಿದ ಮೊತ್ತವೇ ಬೇರೆ, ಕಟ್ಟುವ ಮೊತ್ತವೇ ಬೇರೆ. ಈ ವ್ಯತ್ಯಾಸ ಗುರುತಿಸಲು ಬಂದವರ ಕೋಡ್ ಎಷ್ಟು ಸುಧಾರಿಸುತ್ತದೆಂದರೆ, ಒಂದು ವರ್ಷದ ಹೊಸ ಭಾಷೆಯೂ ಅಷ್ಟು ಕೊಡಲಾರದು.

ರಬ್ಬರ್ ಬಾತುಕೋಳಿಯನ್ನು ಮುಂದಿಟ್ಟುಕೊಂಡು ಅದಕ್ಕೆ ಕೋಡನ್ನು ಸಾಲುಸಾಲಾಗಿ ವಿವರಿಸುವ ಉಪಾಯ ಜನಪ್ರಿಯವಾದದ್ದೂ ಈ ಪುಸ್ತಕದಿಂದಲೇ. ‘ಇದು ಸರಿಯಾಗೇ ಇದೆ’ ಎಂದು ಹಾರಿಸಿದ ಸಾಲನ್ನೂ ಬಾಯಿಬಿಟ್ಟು ಹೇಳಲೇಬೇಕಾಗುತ್ತದೆ, ಬಗ್ ಸಿಗುವುದು ಎಷ್ಟೋ ಸಲ ಅಲ್ಲೇ.

ಹೊಸಬರು 2019ರ ಆವೃತ್ತಿಯನ್ನೇ ಓದಲಿ. ಮೊದಲ ಪುಟದಿಂದಲೇ ಶುರುಮಾಡಬೇಕಿಲ್ಲ. ತಮ್ಮ ತಂಡದ ಕೋಡನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ‘ಡ್ರೈ’ ಭಾಗಕ್ಕೆ ನೇರವಾಗಿ ಹೋಗಲಿ.