ಬಾಡಿಗೆಗೆ ಬಂದ ಹಳೆಯ ಕಾಲ

ಕೆಂಗಲ್ಲಿನ ಹತ್ತಿರದ ಚೌಟ್ರಿಯೊಂದರಲ್ಲಿ ನನ್ನ ಸೋದರತ್ತೆಯ ಮೊಮ್ಮಗಳ ಮದುವೆಯಾಯಿತು. ಆಂಜನೇಯನ ಗುಡಿಯಲ್ಲಿ ಪೂಜೆ ಮುಗಿಸಿ ಮದುಮಕ್ಕಳು ಚೌಟ್ರಿಗೆ ಬರಲೆಂದು ಬೆಂಗಳೂರಿನಿಂದ ಒಂದು ಹಳೆಯ ಟ್ಯಾಕ್ಸಿ ತರಿಸಿದ್ದರು. ಕಪ್ಪು ಮೈ, ಹಳದಿ ನೆತ್ತಿ; ಬೊಂಬಾಯಿ ಸಿನಿಮಾಗಳಲ್ಲಿ ನಾವೆಲ್ಲ ಕಂಡಿದ್ದ ಪದ್ಮಿನಿ. ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳಪು. ಬಾಡಿಗೆ ಗಂಟೆಯ ಲೆಕ್ಕ.

ಎಪ್ಪತ್ತೆಂಟರ ನಮ್ಮತ್ತೆ ಕೋಲೂರಿಕೊಂಡು ಹತ್ತಿರ ಹೋಗಿ, "ಒಂದು ಗಳಿಗೆ ಕೂತ್ಕೊಳ್ಳಲಾ ಮಗಾ?" ಎಂದು ಡ್ರೈವರನ್ನು ಕೇಳಿದರು. "ಬೇಡ ಅಜ್ಜಿ, ಸೀಟು ಹೊಸದು. ಹುಡುಗ ಹುಡುಗಿ, ಫೋಟೋದವರು, ಅಷ್ಟೇ" ಎಂದ. ಅವನದೇನು ತಪ್ಪು? ಅವನಿಗೆ ಹೇಳಿ ಕಳಿಸಿದ್ದೇ ಹಾಗೆ. ಅತ್ತೆ ಈಚೆ ಬಂದು, "ನಾನು ಮದುವೆಯಾಗಿ ಇದೇ ರಸ್ತೇಲಿ ಬಸ್ಸಲ್ಲಿ ಬಂದೆ ಕಣವ್ವ. ಅರವತ್ತು ಜನ ಇದ್ವಿ, ಟಾಪ್ ಮೇಲೆ ಇನ್ನೂ ಹತ್ತು" ಎಂದರು.

ಆಮೇಲೆ ನಾನು ಆ ಟ್ಯಾಕ್ಸಿಯನ್ನು ಒಂದು ಸುತ್ತು ಹಾಕಿ ನೋಡಿದೆ. ಹೊರಗೆ ಎಡಗಡೆ ಇರಬೇಕಾದ ಮೀಟರು ಇಲ್ಲ. ಆ ಜಾಗದಲ್ಲಿ ಹೂವಿನ ಗೊಂಚಲು. ಒಳಗೆ ಎ.ಸಿ. ಮೀಟರಿಲ್ಲದ ಟ್ಯಾಕ್ಸಿ ಟ್ಯಾಕ್ಸಿಯೇ? ಕೈ ತೋರಿಸಿದ ಯಾರನ್ನಾದರೂ ಹತ್ತಿಸಿಕೊಳ್ಳುವುದು ಅದರ ಧರ್ಮವಾಗಿತ್ತು. ಇಲ್ಲಿ ಉಳಿದಿರುವುದು ತಗಡಿನ ಆಕಾರ ಮಾತ್ರ.

ಹಳೆಯ ಗಾಡಿ ಉಳಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ತುಕ್ಕು ಹಿಡಿದ ಒಂದು ಗಾಡಿಯನ್ನು ತಂದು, ಸಿಗದ ಬಿಡಿಭಾಗ ಹುಡುಕಿ, ತಗಡು ಬಡಿದು ಓಡಿಸುವವರ ಕೈಚಳಕಕ್ಕೆ ನಮಸ್ಕಾರ. ಇದೇ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ 'ಪಯಣ' ಸಂಗ್ರಹಾಲಯದಲ್ಲಿ ಹಳೆಯ ಕಾರುಗಳಿವೆ. ಅಲ್ಲಿ ಅವು ನೋಡುವುದಕ್ಕೆಂದೇ ನಿಂತಿವೆ, ತಕರಾರಿಲ್ಲ. ನನ್ನ ತಕರಾರು ಮದುವೆ ಮನೆಯದು.

ನಡುವೆ ಒಂದು ಮಾತು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಆದರೆ ಹಾಗೆ ನೋಂದಾಯಿಸಿದ್ದನ್ನು ವ್ಯಾಪಾರಕ್ಕೆ ಓಡಿಸುವಂತಿಲ್ಲ. ಆದ್ದರಿಂದ ಬಾಡಿಗೆ ಮಾತಾಡುವ ಮೊದಲು ಪರ್ಮಿಟ್ಟು, ಇನ್ಷೂರೆನ್ಸು ತೋರಿಸಿ ಅನ್ನಿ. ಹೂವಿನ ಬಣ್ಣ ವಿಚಾರಿಸುವ ನಾವು ಇದನ್ನು ವಿಚಾರಿಸುವುದಿಲ್ಲ.

ಇನ್ನು ಬಸ್ಸಿನ ವಿಷಯ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾಯಿತು. 1961ರಲ್ಲಿ ಅದು ನಿಗಮವಾಯಿತು. ಈ ಲೆಕ್ಕ ಕಡತದ್ದು. ಹೆಂಗಸರ ಲೆಕ್ಕ ಬೇರೆ. ಬಾಣಂತನಕ್ಕೆ ತವರಿಗೆ ಹೋದದ್ದು, ಮಡಿಲು ತುಂಬಿಸಿಕೊಂಡು ವಾಪಸ್ಸು ಬಂದದ್ದು, ಗಂಡನ ಮನೆಯಲ್ಲಿ ಅಳಲಾಗದ್ದನ್ನು ಕಿಟಕಿಗೆ ಮುಖ ಮಾಡಿ ಅತ್ತದ್ದು, ಎಲ್ಲ ಬಸ್ಸಿನಲ್ಲೇ. ಇಂಜಿನ್ನಿನ ಕಾವು, ಡೀಸೆಲ್ ವಾಸನೆ, ಕಂಡಕ್ಟರನ ಸೀಟಿ, ಪಕ್ಕದಲ್ಲಿ ಯಾರದೋ ಕೋಳಿ. ಸುಖದ ಪ್ರಯಾಣವೇನಲ್ಲ, ವಾಂತಿ ಮಾಡಿಕೊಂಡ ನೆನಪು ನನಗಿನ್ನೂ ಇದೆ. ಆದರೆ ದಿಬ್ಬಣದ ಬಸ್ಸಿನಲ್ಲಿ ಅಡಿಗೆಯವನಿಂದ ಹಿಡಿದು ಮುನಿಸಿಕೊಂಡ ಚಿಕ್ಕಪ್ಪನವರೆಗೆ ಎಲ್ಲರಿಗೂ ಜಾಗವಿತ್ತು.

ಲಂಡನ್ನಿನಲ್ಲಿ 1956ರಿಂದ ಓಡಿದ ರೂಟ್‌ಮಾಸ್ಟರ್ ಎಂಬ ಕೆಂಪು ಡಬಲ್ ಡೆಕರ್ ಬಸ್ಸುಗಳನ್ನು 2005ರಲ್ಲಿ ದಿನದ ಓಡಾಟದಿಂದ ತೆಗೆದರು. ಈಗ ಅವನ್ನು ಮದುವೆಗೆ ಬಾಡಿಗೆಗೆ ಪಡೆಯುತ್ತಾರೆ, ನೆಂಟರನ್ನು ತುಂಬಿಕೊಂಡು ಹೋಗುವುದಕ್ಕೆ! ಅದು ನನಗೆ ಒಪ್ಪಿಗೆ. ಬಸ್ಸು ಅಲ್ಲಿ ಬಸ್ಸಿನ ಕೆಲಸವನ್ನೇ ಮಾಡುತ್ತಿದೆ. ನಮ್ಮವರಲ್ಲಿ ಯಾರಾದರೂ ಮೂತಿಯುದ್ದದ ಒಂದು ಹಳೆಯ ಬಸ್ಸನ್ನು ರಿಪೇರಿ ಮಾಡಿಸಿ, ಅಜ್ಜಿಯರಿಗಾಗಿ ಮೆಟ್ಟಿಲು ಒಂದಿಷ್ಟು ತಗ್ಗಿಸಿ ದಿಬ್ಬಣಕ್ಕೆ ಬಿಟ್ಟರೆ ಮೊದಲು ಹತ್ತುವವಳು ನಾನೇ.

2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್ ರಸ್ತೆ ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುತ್ತದೆ; ಕೆಂಗಲ್ ಹಳೆಯ ರಸ್ತೆಯಲ್ಲೇ ಉಳಿದಿದೆ. ಮದುವೆ ಮುಗಿದ ಮೇಲೆ ಕಾರಿಗೆ ಕಾಯದೆ ನಾನೂ ಅತ್ತೆಯೂ ಆ ರಸ್ತೆಗೇ ಬಂದು ನಿಂತೆವು. ಚನ್ನಪಟ್ಟಣದ ಕೆಂಪು ಬಸ್ಸು ಬಂತು. ಮುಂದಿನ ಸೀಟಿನ ಹುಡುಗಿ ಎದ್ದು ಜಾಗ ಕೊಟ್ಟಳು. ಕಂಡಕ್ಟರು ಹೆಂಗಸರ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಟ್ಟಾಗ ಅತ್ತೆ ಅದನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಚೀಲಕ್ಕೆ ಸೇರಿಸಿ, "ಆ ಟ್ಯಾಕ್ಸಿಗೆ ಎಷ್ಟು ಕೊಟ್ರಂತೆ?" ಎಂದರು. ನಾನು ಹೇಳಲಿಲ್ಲ.